ಓವಿಲೇರ್ ಮಠದ ಉಗ್ರಾಣಿ: ಡೋಂ ಪಿಯೇರ್ ಪೆರಿನ್ಯೋನ್

ಹೊಸ ಹಡಗು ನೀರಿಗಿಳಿಯುವಾಗ, ಪಂದ್ಯದಲ್ಲಿ ಗೆದ್ದವರು ಸಂಭ್ರಮಿಸುವಾಗ, ಶ್ರೀಮಂತರ ಮದುವೆಯ ಔತಣಗಳಲ್ಲಿ ನೊರೆಯುಕ್ಕಿಸಿ ತೆರೆಯುವ ಪಾನೀಯ ಷಾಂಪೇನ್. ಫ್ರಾನ್ಸ್ ದೇಶದ ಈಶಾನ್ಯದಲ್ಲಿ ಅದೇ ಹೆಸರಿನ ಪ್ರಾಂತ್ಯದಲ್ಲಿ ತಯಾರಾಗುವ ಈ ದ್ರಾಕ್ಷಾರಸದ ಹೆಸರನ್ನು ಕೇಳದವರು ವಿರಳ. ಆದರೆ ಅದರ ಅತ್ಯಂತ ಬೆಲೆಬಾಳುವ ಸೀಸೆಗಳಲ್ಲೊಂದರ ಮೇಲೆ ಅಚ್ಚಾಗಿರುವುದು ಯಾವ ಅರಸನ ಹೆಸರೂ ಅಲ್ಲ, ವರ್ತಕನ ಹೆಸರೂ ಅಲ್ಲ. ಸ್ವಂತಕ್ಕೆಂದು ಒಂದು ಕಾಸನ್ನೂ ಇರಿಸಿಕೊಳ್ಳಬಾರದೆಂಬ ವ್ರತ ತೊಟ್ಟಿದ್ದ ಒಬ್ಬ ಕಥೋಲಿಕ ಸನ್ಯಾಸಿಯ ಹೆಸರು ಅದು. ಡೋಂ ಪಿಯೇರ್ ಪೆರಿನ್ಯೋನ್ ಎಂಬ ಈ ಬೆನೆಡಿಕ್ಟೈನ್ ಸನ್ಯಾಸಿಯ ಬಗ್ಗೆ ಲೋಕದಲ್ಲಿ ಹರಡಿರುವ ಕಥೆಗಳು ಅನೇಕ. ಅವುಗಳಲ್ಲಿ ಬಹುಪಾಲು ನಿಜವಲ್ಲ. ನಿಜವಾಗಿ ಅವರು ಬಾಳಿದ ಬಾಳು ಆ ಕಥೆಗಳಷ್ಟು ಬೆರಗಿನದಲ್ಲವಾದರೂ ಅವುಗಳಿಗಿಂತ ಹೆಚ್ಚಿನ ಬೆಲೆಯುಳ್ಳದ್ದು. ಫಲವನ್ನು ಆರಿಸಿ, ಒಣಗಿಸಿ, ವಿಂಗಡಿಸಿ ಮಾರುಕಟ್ಟೆಗೆ ಒಯ್ಯುವ ನಮ್ಮ ತೆಂಗಿನ ಸೀಮೆಯ ಜನರಿಗಂತೂ ಅದು ಸುಲಭವಾಗಿ ಅರ್ಥವಾಗತಕ್ಕದ್ದು.

ಬಾಲ್ಯ ಮತ್ತು ಸನ್ಯಾಸ

ಪಿಯೇರ್ ಪೆರಿನ್ಯೋನ್ ಹುಟ್ಟಿದ್ದು ಷಾಂಪೇನ್ ಪ್ರಾಂತ್ಯದ ಸಾಂತ್-ಮೆನೂ ಎಂಬ ಸಣ್ಣ ಪಟ್ಟಣದಲ್ಲಿ. 1639ರ ಜನವರಿ ತಿಂಗಳಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ಫ್ರಾನ್ಸಿನ ಪ್ರತಾಪಿ ಅರಸು 14ನೆಯ ಲೂಯಿ ಹುಟ್ಟಿದ್ದು 1638ರ ಸೆಪ್ಟೆಂಬರಿನಲ್ಲಿ. ಹೀಗೆ ಕೆಲವೇ ತಿಂಗಳ ಅಂತರದಲ್ಲಿ ಹುಟ್ಟಿದ ಈ ಇಬ್ಬರೂ 1715ರ ಸೆಪ್ಟೆಂಬರಿನಲ್ಲೇ, ಒಂದೇ ತಿಂಗಳಲ್ಲಿ, ಮರಣ ಹೊಂದಿದರು. ಒಬ್ಬರು ವೆರ್ಸೇಲ್ಸ್ ಅರಮನೆಯ ವೈಭವದಲ್ಲಿ ಬಾಳಿದರೆ ಇನ್ನೊಬ್ಬರು ಮಠದ ನೆಲಮಾಳಿಗೆಯ ತಂಪಿನಲ್ಲಿ ಬಾಳಿದರು.

ಪಿಯೇರರ ತಂದೆ ನ್ಯಾಯಸ್ಥಾನದಲ್ಲಿ ಗುಮಾಸ್ತರಾಗಿದ್ದವರು. ಮನೆತನಕ್ಕೆ ದ್ರಾಕ್ಷಿ ತೋಟಗಳೂ ಇದ್ದವು. ತಾಯಿ ಮಗುವಿನ ಎಳವೆಯಲ್ಲೇ ತೀರಿಕೊಂಡರು. ಷಾಲೋನ್ ಪಟ್ಟಣದ ಯೇಸುಸಭೆಯ ಗುರುಗಳ ಶಾಲೆಯಲ್ಲಿ ವಿದ್ಯಾಭ್ಯಾಸ ಮುಗಿಸಿದ ತರುಣ ಪಿಯೇರ್, ಇನ್ನೂ ಇಪ್ಪತ್ತು ತುಂಬುವ ಮೊದಲೇ ವೆರ್ದನ್ ನಗರದ ಸಂತ ವ್ಯಾನರ ಮಠವನ್ನು ಸೇರಿದರು. ಸಂತ ಬೆನೆಡಿಕ್ಟರ ನಿಯಮಾವಳಿಯನ್ನು ಅದರ ಮೂಲ ಕಟ್ಟುನಿಟ್ಟಿನಲ್ಲಿ ಪಾಲಿಸಬೇಕೆಂದು ಸುಧಾರಣೆ ಕೈಗೊಂಡಿದ್ದ ಮಠ ಅದು. ನಿಯತ ವೇಳೆಗಳಲ್ಲಿ ಪ್ರಾರ್ಥನೆ, ಮೌನ, ಗ್ರಂಥಪಠನ ಮತ್ತು ಕೈಕೆಲಸ, ಇವೇ ಅಲ್ಲಿನ ದಿನಚರಿ.

ಆ ನಿಯಮಾವಳಿಯ 31ನೆಯ ಅಧ್ಯಾಯ ಮಠದ ಉಗ್ರಾಣಿಯನ್ನು ಕುರಿತದ್ದು. ಉಗ್ರಾಣಿಯಾಗುವವನು ವಿವೇಕಿಯೂ ಮಿತಾಹಾರಿಯೂ ಆಗಿರಬೇಕು, ಅಹಂಕಾರಿಯಾಗಲಿ ದುಂದುಗಾರನಾಗಲಿ ಆಗಿರಬಾರದು, ರೋಗಿಗಳನ್ನೂ ಮಕ್ಕಳನ್ನೂ ಅತಿಥಿಗಳನ್ನೂ ಬಡವರನ್ನೂ ಅಕ್ಕರೆಯಿಂದ ಕಾಣಬೇಕು ಎಂದು ಸಂತರು ವಿಧಿಸಿದ್ದಾರೆ. ಮಠದ ಪಾತ್ರೆ ಪಗಡಿ, ಉಪಕರಣಗಳೆಲ್ಲವನ್ನೂ ಪೀಠದ ಮೇಲಿನ ಪವಿತ್ರ ಪಾತ್ರೆಗಳಂತೆಯೇ ಭಾವಿಸಬೇಕೆಂಬುದು ಅಲ್ಲಿನ ಇನ್ನೊಂದು ವಿಧಿ. ಪೆರಿನ್ಯೋನರ ಮುಂದಿನ ಬಾಳನ್ನು ತಿಳಿಯಲು ಈ ಒಂದು ಅಧ್ಯಾಯವೇ ಕೀಲಿಕೈ.

ಮಠದ ಆಡಳಿತ

1668ರಲ್ಲಿ ಅವರನ್ನು ಓವಿಲೇರ್ ಎಂಬಲ್ಲಿನ ಸಂತ ಪೇತ್ರರ ಮಠಕ್ಕೆ ಕಳುಹಿಸಲಾಯಿತು. ಮಾರ್ನ್ ನದಿಯ ಕಣಿವೆಯನ್ನು ನೋಡುತ್ತ, ಎಪೆರ್ನೇ ಪಟ್ಟಣಕ್ಕೆ ಹತ್ತಿರದ ಗುಡ್ಡದ ಓರೆಯಲ್ಲಿರುವ ಹಳ್ಳಿ ಅದು. ರೈಮ್ಸ್ ನಗರದ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ನಿವಾರ್ಡರು ಏಳನೆಯ ಶತಮಾನದ ನಡುವಿನಲ್ಲಿ ಆ ಮಠವನ್ನು ಸ್ಥಾಪಿಸಿದ್ದರು. ಕಾನ್ಸ್ಟಂಟೈನ್ ಚಕ್ರವರ್ತಿಯ ತಾಯಿ ಸಂತ ಹೆಲೆನಾರವರ ಪವಿತ್ರಾವಶೇಷಗಳು ಒಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ಬಂದುದರಿಂದ ಅದು ಯಾತ್ರಾಸ್ಥಳವೂ ಆಗಿತ್ತು. ಆದರೆ ಹಿಂದಿನ ಕಾಲದ ಯುದ್ಧಗಳಿಂದ ಮಠ ನಷ್ಟಕ್ಕೆ ಗುರಿಯಾಗಿ, ಅದರ ಆದಾಯವೂ ಕುಂದಿತ್ತು. ಮೂವತ್ತು ವಯಸ್ಸೂ ತುಂಬಿರದ ಪೆರಿನ್ಯೋನರ ಪಾಲಿಗೆ ಬಂದದ್ದು ಅದರ ಉಗ್ರಾಣ ಮತ್ತು ಆಸ್ತಿಪಾಸ್ತಿಗಳ ಆಡಳಿತ. ಅವರು ಸಾಯುವವರೆಗೂ, 47 ವರ್ಷ, ಅದೇ ಹೊಣೆಯನ್ನು ಹೊತ್ತರು. ಮೇಲಿನ ಪದವಿಗೆ ಏರಲಿಲ್ಲ, ಬೇರೆ ಮಠಕ್ಕೆ ಹೋಗಲಿಲ್ಲ.

ಕಥೋಲಿಕ ಮಠಗಳಿಗೂ ದ್ರಾಕ್ಷಿ ತೋಟಗಳಿಗೂ ಇದ್ದ ನಂಟು ಬಹು ಹಳೆಯದು. ದಿವ್ಯಬಲಿಪೂಜೆಗೆ ಬೇಕಾದದ್ದು ದ್ರಾಕ್ಷಿಯಿಂದಲೇ ಆದ, ಕೆಡದ, ಶುದ್ಧ ರಸ. ಮಠದ ಊಟದಲ್ಲಿ ಸನ್ಯಾಸಿಗಳಿಗೆ ಮಿತವಾದ ಅಳತೆಯಲ್ಲಿ ದ್ರಾಕ್ಷಾರಸವನ್ನು ಸಂತ ಬೆನೆಡಿಕ್ಟರೂ ಒಪ್ಪಿದ್ದರು. ಉಳಿದದ್ದನ್ನು ಮಾರಿದರೆ ಕಟ್ಟಡಗಳ ದುರಸ್ತಿಗೂ ಮಠದ ನಿತ್ಯದ ಖರ್ಚಿಗೂ ಹಣ ಒದಗುತ್ತಿತ್ತು. ಆದುದರಿಂದ ಒಳ್ಳೆಯ ರಸ ಮಾಡುವುದು ಹವ್ಯಾಸದ ಮಾತಾಗಿರಲಿಲ್ಲ. ಕೆಟ್ಟ ರಸವೆಂದರೆ ಸೋರುವ ಛಾವಣಿ, ಬರಿದಾದ ಕಣಜ.

ಬುಟ್ಟಿಯಲ್ಲೇ ನಿರ್ಧಾರವಾಗುವ ಗುಣ

ಪೆರಿನ್ಯೋನರು ಸ್ವತಃ ಪುಸ್ತಕ ಬರೆದವರಲ್ಲ. ಅವರ ಮರಣದ ಮೂರು ವರ್ಷಗಳ ನಂತರ, 1718ರಲ್ಲಿ, ಷಾಂಪೇನ್ ಪ್ರಾಂತ್ಯದ ದ್ರಾಕ್ಷಿ ಕೃಷಿಯನ್ನು ಕುರಿತು ಲೇಖಕರ ಹೆಸರಿಲ್ಲದೆ ಒಂದು ಗ್ರಂಥ ಹೊರಬಂತು. ರೈಮ್ಸ್ ಮಹಾದೇವಾಲಯದ ಗುರುಗಳಾಗಿದ್ದ ಗೊದಿನೋ ಎಂಬವರು ಅದರ ಕರ್ತೃವೆಂದು ನಂಬಲಾಗಿದೆ. ಪೆರಿನ್ಯೋನರ ಹೆಸರಿನೊಡನೆ ಸೇರಿಬಂದಿರುವ ಕಟ್ಟಳೆಗಳು ಆ ಕಾಲದ ಇಂತಹ ಬರಹಗಳಿಂದಲೇ ನಮಗೆ ತಿಳಿದಿರುವುದು.

ಬಳ್ಳಿಯನ್ನು ಮೂರು ಅಡಿಗಿಂತ ಎತ್ತರಕ್ಕೆ ಬಿಡದೆ ಸವರಬೇಕು. ಬೆಳೆ ಕಡಮೆಯಾದರೂ ಚಿಂತೆಯಿಲ್ಲ, ಹಣ್ಣಿನ ಸತ್ವ ಹೆಚ್ಚಬೇಕು. ಕೊಯ್ಲು ನಡೆಯಬೇಕಾದದ್ದು ಮುಂಜಾನೆಯ ತಂಪಿನಲ್ಲಿ. ಒಡೆದ, ನಲುಗಿದ, ಕೊಳೆತ ಹಣ್ಣನ್ನು ಅಲ್ಲೇ ಆರಿಸಿ ಎಸೆಯಬೇಕು. ಹಣ್ಣನ್ನು ಹಿಂಡುವ ಯಂತ್ರ ತೋಟಕ್ಕೆ ಆದಷ್ಟು ಸಮೀಪವಿರಬೇಕು. ದೂರ ಸಾಗಿಸಲೇಬೇಕಾದರೆ ಕುದುರೆಗಿಂತ ಕತ್ತೆ ಅಥವಾ ಹೇಸರಗತ್ತೆ ಲೇಸು, ಏಕೆಂದರೆ ಕೆರಳದೆ ನಿಧಾನವಾಗಿ ನಡೆಯುವ ಪ್ರಾಣಿಯ ಬೆನ್ನ ಮೇಲೆ ಹಣ್ಣು ಕಡಮೆ ನಲುಗುತ್ತದೆ. ಕಾಲಿನಿಂದ ತುಳಿದು ರಸ ತೆಗೆಯುವುದು ಸಲ್ಲದು. ಬೇಗನೆ, ಮೃದುವಾಗಿ ಹಿಂಡಬೇಕು. ಮೊದಲು ಹರಿಯುವ ರಸವೇ ಉತ್ತಮ, ಮತ್ತೆ ಮತ್ತೆ ಒತ್ತಿ ತೆಗೆದದ್ದು ಕೆಳದರ್ಜೆಯದು.

ಇದರಿಂದ ಒಂದು ವಿಶೇಷ ಸಾಧ್ಯವಾಯಿತು. ಕಪ್ಪು ದ್ರಾಕ್ಷಿಯ ಬಣ್ಣವಿರುವುದು ಅದರ ಸಿಪ್ಪೆಯಲ್ಲಿ, ರಸದಲ್ಲಲ್ಲ. ಹಣ್ಣು ನಲುಗದಂತೆ ತಂದು, ಸಿಪ್ಪೆಯ ಬಣ್ಣ ಇಳಿಯುವ ಮೊದಲೇ ಹಿಂಡಿದರೆ ಕಪ್ಪು ಹಣ್ಣಿನಿಂದಲೂ ತಿಳಿಯಾದ ರಸ ದೊರೆಯುತ್ತದೆ. ಪೀನೋ ನುವಾರ್ ಎಂಬ ಕಪ್ಪು ದ್ರಾಕ್ಷಿಯಿಂದ ನಿರ್ಮಲವಾದ ಬಿಳಿಯ ದ್ರಾಕ್ಷಾರಸ ತೆಗೆಯುವ ವಿದ್ಯೆಯನ್ನು ಪೆರಿನ್ಯೋನರು ಪಕ್ವಗೊಳಿಸಿದರು.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರೈತರಿಗೆ ಈ ಎಚ್ಚರ ಹೊಸದಲ್ಲ. ಬಲಿತ ಕಾಯನ್ನೇ ಆರಿಸಿ ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳು ಕಾದು, ಒಳಗಿನ ನೀರು ಇಂಗಿ ಗಿಟುಕು ಕರಟದಿಂದ ಬಿಟ್ಟು ಅಲುಗುವ ಸದ್ದು ಕೇಳಿದ ಮೇಲೆ ಸುಲಿದು ಒಡೆಯುವುದು ಇಲ್ಲಿನ ಪದ್ಧತಿ. ಎಳೆಯ ಕಾಯಿ ಅಟ್ಟವೇರಿದರೆ ಯಾವ ಉಪಾಯದಿಂದಲೂ ಒಳ್ಳೆಯ ಕೊಬ್ಬರಿಯಾಗದು. ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಬೆಲೆ ಕಟ್ಟುವವರು ನೋಡುವ ಗುಣ ಅಂಗಳದಲ್ಲಿ ಕಾಯಿ ಆರಿಸಿದ ದಿನವೇ ನಿರ್ಧಾರವಾಗಿರುತ್ತದೆ. ಓವಿಲೇರಿನ ಉಗ್ರಾಣಿ ಕಂಡುಕೊಂಡ ಸತ್ಯವೂ ಇದೇ.

ಹಲವು ಹಳ್ಳಿಗಳ ಹಣ್ಣು

ಮಠಕ್ಕೆ ಸ್ವಂತ ತೋಟಗಳ ಜೊತೆಗೆ ಸುತ್ತಲಿನ ಹಳ್ಳಿಗಳಿಂದ ದಶಾಂಶದ ರೂಪದಲ್ಲಿಯೂ ದ್ರಾಕ್ಷಿ ಬರುತ್ತಿತ್ತು. ಒಂದು ಹಳ್ಳಿಯ ಹಣ್ಣು ಹೆಚ್ಚು ಹುಳಿ, ಇನ್ನೊಂದರದ್ದು ಹೆಚ್ಚು ಸಿಹಿ, ಮತ್ತೊಂದರದ್ದು ಸುವಾಸನೆಯಲ್ಲಿ ಮೇಲು. ಉತ್ತರದ ಆ ಶೀತಪ್ರದೇಶದಲ್ಲಿ ಎಲ್ಲ ವರ್ಷವೂ ಎಲ್ಲ ಕಡೆಯೂ ಹಣ್ಣು ಒಂದೇ ಸಮನಾಗಿ ಮಾಗುವುದಿಲ್ಲ. ಒಂದರ ಕೊರತೆಯನ್ನು ಮತ್ತೊಂದರ ಗುಣದಿಂದ ತುಂಬುವಂತೆ ಬೇರೆ ಬೇರೆ ತೋಟಗಳ ಹಣ್ಣನ್ನು ಹಿಂಡುವ ಮೊದಲೇ ಹದವರಿತು ಕೂಡಿಸುವುದರಲ್ಲಿ ಪೆರಿನ್ಯೋನರು ಅಸಾಧಾರಣ ನಿಪುಣರಾಗಿದ್ದರು. ಬುಟ್ಟಿಗಳಲ್ಲಿ ಬಂದ ಹಣ್ಣನ್ನು ರಾತ್ರಿ ಕಿಟಕಿಯ ಬಳಿ ತಂಪಿಗಿರಿಸಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ರುಚಿ ನೋಡಿ, ಯಾವುದರೊಡನೆ ಯಾವುದು ಎಷ್ಟು ಎಂಬುದನ್ನು ನಿಶ್ಚಯಿಸುತ್ತಿದ್ದರೆಂದು ಹೇಳುತ್ತಾರೆ.

ಇದರ ಫಲ ಬೇಗನೆ ಕಂಡಿತು. ಓವಿಲೇರಿನ ರಸಕ್ಕೆ ನೆರೆಯ ತೋಟಗಳ ರಸಕ್ಕಿಂತ ಬಹಳ ಹೆಚ್ಚಿನ ಬೆಲೆ ಬಂತು. ಮಠದ ತೋಟಗಳು ವಿಸ್ತರಿಸಿದವು. ಪ್ಯಾರಿಸಿನ ವರ್ತಕರು ಉಗ್ರಾಣಿಯ ಹೆಸರು ಹೇಳಿಯೇ ರಸವನ್ನು ಕೇಳತೊಡಗಿದರು. 1694ರಲ್ಲಿ ಎಪೆರ್ನೇ ಪಟ್ಟಣದ ಅಧಿಕಾರಿಯೊಬ್ಬರಿಗೆ 26 ಸೀಸೆಗಳನ್ನು ಕಳುಹಿಸಿ ಬರೆದ ಓಲೆಯಲ್ಲಿ, ಲೋಕದಲ್ಲೇ ಶ್ರೇಷ್ಠವಾದ ರಸ ಇದೆಂದು ಪೆರಿನ್ಯೋನರು ಹೇಳಿಕೊಂಡಿದ್ದಾರೆ. ಸನ್ಯಾಸಿಯ ಬಾಯಲ್ಲಿ ಇದು ಹೆಮ್ಮೆಯ ಮಾತೆನಿಸಬಹುದು. ತನ್ನ ಕೈಕೆಲಸದ ಹದವನ್ನು ಬಲ್ಲವನ ನಿಶ್ಚಯದ ಮಾತು ಎಂದೂ ಅದನ್ನು ತಿಳಿಯಬಹುದು.

ನೊರೆಯೊಡನೆ ಹೋರಾಟ

ನೊರೆಯುಕ್ಕುವ ಷಾಂಪೇನನ್ನು ಕಂಡುಹಿಡಿದವರು ಪೆರಿನ್ಯೋನರೆಂಬುದು ಲೋಕದ ನಂಬಿಕೆ. ಚರಿತ್ರೆ ಹೇಳುವುದು ಇದಕ್ಕೆ ತೀರ ಬೇರೆ. ಅವರ ದೃಷ್ಟಿಯಲ್ಲಿ ನೊರೆ ಒಂದು ದೋಷವಾಗಿತ್ತು. ಅದನ್ನು ತಡೆಯಲೆಂದೇ ಅವರು ಶ್ರಮಿಸಿದರು.

ನೊರೆ ಬರುವ ಬಗೆ ನಮ್ಮವರಿಗೆ ತಿಳಿದದ್ದೇ. ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾ ಮೊದಲು ತಿಳಿಯಾಗಿ ಸಿಹಿಯಾಗಿರುತ್ತದೆ. ತಂಪಿನಲ್ಲಿಡದೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಮಡಕೆಯಲ್ಲಿ ನೊರೆಯಾಡಿ, ಹುಳಿಯೇರಿ ಹೆಂಡವಾಗುತ್ತದೆ. ಕಣ್ಣಿಗೆ ಕಾಣದ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ಅನಿಲವನ್ನೂ ಉಂಟುಮಾಡುವುದೇ ಇದಕ್ಕೆ ಕಾರಣ. ಷಾಂಪೇನ್ ಪ್ರಾಂತ್ಯದಲ್ಲಿ ಹಣ್ಣು ಹಿಂಡುವುದು ಚಳಿಗಾಲ ಹತ್ತಿರವಾದಾಗ. ಚಳಿ ಹೆಚ್ಚಿದಂತೆ ಯೀಸ್ಟ್ ನಿದ್ರೆಹೋಗಿ, ಸಕ್ಕರೆ ಪೂರ್ತಿ ಕರಗುವ ಮೊದಲೇ ಹುದುಗುವಿಕೆ ನಿಂತುಬಿಡುತ್ತದೆ. ವಸಂತದಲ್ಲಿ ಬಿಸಿಲೇರಿದಾಗ ಮತ್ತೆ ಎಚ್ಚೆತ್ತು ಕೆಲಸ ಆರಂಭಿಸುತ್ತದೆ. ಆಗ ರಸ ಬಿಗಿಯಾಗಿ ಮುಚ್ಚಿದ ಸೀಸೆಯಲ್ಲಿದ್ದರೆ ಅನಿಲ ಹೊರಹೋಗಲು ದಾರಿಯಿಲ್ಲದೆ ಸೀಸೆಯೇ ಒಡೆಯುತ್ತದೆ. ಒಂದು ಸೀಸೆ ಸಿಡಿದರೆ ಪಕ್ಕದವೂ ಸಿಡಿಯುತ್ತವೆ. ಮಠದ ವರ್ಷದ ಗಳಿಕೆ ನೆಲಮಾಳಿಗೆಯಲ್ಲಿ ಚೂರುಚೂರಾಗಬಲ್ಲ ಅಪಾಯ ಅದು. ಬಿಳಿಯ ದ್ರಾಕ್ಷಿಯ ರಸ ವಸಂತದಲ್ಲಿ ಹೀಗೆ ಮರುಹುದುಗುವುದು ಹೆಚ್ಚು ಎಂಬುದೂ ಅವರು ಕಪ್ಪು ದ್ರಾಕ್ಷಿಯನ್ನು ಮೆಚ್ಚಲು ಒಂದು ಕಾರಣ.

ಇತ್ತ ಇಂಗ್ಲೆಂಡಿನಲ್ಲಿ ಕಲ್ಲಿದ್ದಲ ಕುಲುಮೆಗಳಲ್ಲಿ ಕಾಯಿಸಿದ ಗಟ್ಟಿ ಗಾಜಿನ ಸೀಸೆಗಳು ಆಗಲೇ ಬಳಕೆಯಲ್ಲಿದ್ದವು. ದ್ರಾಕ್ಷಾರಸಕ್ಕೆ ಸಕ್ಕರೆ ಬೆರೆಸಿ ಅದನ್ನು ಚುರುಕಾಗಿಸುವ ರೂಢಿಯನ್ನು ಕ್ರಿಸ್ಟೋಫರ್ ಮೆರೆಟ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ್ದು 1662ರಲ್ಲಿ. ಪೆರಿನ್ಯೋನರು ಓವಿಲೇರಿಗೆ ಕಾಲಿಡಲು ಇನ್ನೂ ಆರು ವರ್ಷಗಳಿದ್ದವು. ಆದುದರಿಂದ ನೊರೆಯ ಕೀರ್ತಿ ಅವರದಲ್ಲ.

ಮರಣಾನಂತರದ ದಂತಕಥೆ

1715ರ ಸೆಪ್ಟೆಂಬರಿನಲ್ಲಿ ಪೆರಿನ್ಯೋನರು ದೈವಾಧೀನರಾದಾಗ ಅವರನ್ನು ಮಠದ ದೇವಾಲಯದೊಳಗೇ ಸಮಾಧಿ ಮಾಡಲಾಯಿತು. ಸಮಾಧಿಯ ಕಪ್ಪು ಶಿಲೆಯ ಲ್ಯಾಟಿನ್ ಬರಹ ಅವರನ್ನು 47 ವರ್ಷಗಳ ಉಗ್ರಾಣಿಯೆಂದು ಸ್ಮರಿಸುತ್ತದೆ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಮಠಗಳು ಮುಚ್ಚಿಹೋಗಿ ಸನ್ಯಾಸಿಗಳು ಚದುರಿದರು. ಆದರೆ ದೇವಾಲಯ ಉಳಿಯಿತು. ಇಂದು ಅದು ಆ ಹಳ್ಳಿಯ ಧರ್ಮಕೇಂದ್ರದ ದೇವಾಲಯವಾಗಿದೆ. 2015ರಲ್ಲಿ ಯುನೆಸ್ಕೋ ಸಂಸ್ಥೆಯು ಷಾಂಪೇನ್ ಪ್ರಾಂತ್ಯದ ದ್ರಾಕ್ಷಿ ಇಳಿಜಾರುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಓವಿಲೇರೂ ಅದರಲ್ಲಿ ಸೇರಿತು.

ದಂತಕಥೆಯ ಆರಂಭ 1821ರಲ್ಲಿ. ಮುಚ್ಚಿಹೋದ ಮಠದ ಕೊನೆಯ ಆಡಳಿತಗಾರರಾಗಿದ್ದ ಡೋಂ ಗ್ರೊಸಾರ್ ಎಂಬ ವೃದ್ಧ ಸನ್ಯಾಸಿ ಬರೆದ ಒಂದು ಓಲೆ, ನೊರೆಯ ಷಾಂಪೇನಿನ ರಹಸ್ಯವನ್ನು ಕಂಡವರು ಪೆರಿನ್ಯೋನರೇ ಎಂದು ಸಾರಿತು. ಕಳೆದುಹೋದ ತಮ್ಮ ಮಠದ ಮೇಲಿನ ಅಭಿಮಾನ ಆ ಓಲೆಯಲ್ಲಿ ಕೆಲಸ ಮಾಡಿರಬೇಕು. ಮುಂದೆ ವರ್ತಕರಿಗೆ ಆ ಕಥೆ ಬಹಳ ಹಿಡಿಸಿತು. ಅವರು ಕುರುಡರಾಗಿದ್ದರೆಂದೂ, ಮೊದಲ ಬಾರಿಗೆ ನೊರೆಯ ರಸವನ್ನು ಸವಿದು ನಕ್ಷತ್ರಗಳನ್ನೇ ಕುಡಿಯುತ್ತಿರುವೆನೆಂದು ಸಹೋದರರನ್ನು ಕೂಗಿ ಕರೆದರೆಂದೂ ಕಥೆಗಳು ಬೆಳೆದವು. ನಕ್ಷತ್ರದ ಮಾತು ಕಾಣಿಸಿಕೊಂಡದ್ದು ಅವರು ತೀರಿ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 19ನೆಯ ಶತಮಾನದ ಕೊನೆಯ ಜಾಹೀರಾತಿನಲ್ಲಿ. ಯಾವುದನ್ನು ತಡೆಯಲು ಒಬ್ಬರು ಜೀವಮಾನವೆಲ್ಲ ಹೆಣಗಿದರೋ ಅದರ ಜನಕರೆಂಬ ಬಿರುದನ್ನೇ ಲೋಕ ಅವರಿಗೆ ಕಟ್ಟಿತು.

ಹೆಸರಾಂತ ಮನೆತನಗಳ ತಾರತಮ್ಯ

ಹಾಗಾದರೆ ಇಂದಿನ ಷಾಂಪೇನಿನಲ್ಲಿ ಪೆರಿನ್ಯೋನರ ಪಾಲು ಏನೂ ಇಲ್ಲವೇ? ಹೆಸರಾಂತ ತಯಾರಕರ ರಸಗಳನ್ನು ಒಂದರ ಪಕ್ಕ ಒಂದಿರಿಸಿ ನೋಡಿದರೆ ಉತ್ತರ ದೊರೆಯುತ್ತದೆ.

1728ರಲ್ಲಿ ದ್ರಾಕ್ಷಾರಸವನ್ನು ಸೀಸೆಗಳಲ್ಲಿ ಸಾಗಿಸಲು ಅರಸು 15ನೆಯ ಲೂಯಿ ಅನುಮತಿಯಿತ್ತ ಮರುವರ್ಷವೇ ರೂಯಿನಾರ್ ಮನೆತನ ಆರಂಭವಾಯಿತು. ಅದರ ಸ್ಥಾಪಕ ನಿಕೊಲಾ ರೂಯಿನಾರ್, 1709ರಲ್ಲಿ ಓವಿಲೇರ್ ಮಠದಲ್ಲೇ ತೀರಿಕೊಂಡ ವಿದ್ವಾಂಸ ಸನ್ಯಾಸಿ ಡೋಂ ತಿಯೆರಿ ರೂಯಿನಾರರ ಸೋದರನ ಮಗ. ಷಾರ್ದೊನೇ ಎಂಬ ಬಿಳಿಯ ದ್ರಾಕ್ಷಿಗೆ ಈ ಮನೆತನ ಒತ್ತು ಕೊಡುವುದರಿಂದ ಅದರ ರಸ ಹಗುರ, ನಿಂಬೆಯ ಜಾತಿಯ ಹಣ್ಣುಗಳ ತಾಜಾತನವುಳ್ಳದ್ದು. 1743ರಲ್ಲಿ ಎಪೆರ್ನೇಯಲ್ಲಿ ಆರಂಭವಾದ ಮೊಯೆಟ್ ಅಂಡ್ ಷಾಂಡನ್ ಎಲ್ಲಕ್ಕಿಂತ ದೊಡ್ಡದು. ಮೂರು ಬಗೆಯ ದ್ರಾಕ್ಷಿಯನ್ನು ಕೂಡಿಸಿ, ಯಾವ ವರ್ಷ ಕೊಂಡರೂ ಒಂದೇ ರುಚಿ ದೊರೆಯುವಂತೆ ಹದಗೊಳಿಸಿದ ಮೃದುವಾದ ರಸ ಅದರದು.

1772ರಲ್ಲಿ ಸ್ಥಾಪನೆಯಾದ ಕ್ಲಿಕೋ ಮನೆತನದ ಹೆಸರಿಗೆ ಕಾರಣಳಾದವಳು ಬಾರ್ಬ್ ನಿಕೋಲ್ ಎಂಬ ಹೆಣ್ಣುಮಗಳು. 1805ರಲ್ಲಿ, 27ನೆಯ ವಯಸ್ಸಿನಲ್ಲಿ ವಿಧವೆಯಾದ ಆಕೆ ವ್ಯಾಪಾರವನ್ನು ತಾನೇ ವಹಿಸಿಕೊಂಡು ನಡೆಸಿದಳು. ಸೀಸೆಗಳನ್ನು ತಲೆಕೆಳಗಾಗಿ ಇರಿಸಿ ದಿನದಿನವೂ ತಿರುಗಿಸುತ್ತ, ಒಳಗಿನ ಮಡ್ಡಿಯನ್ನು ಬಾಯಿಯ ಬಳಿಗಿಳಿಸಿ ತೆಗೆಯುವ ವಿಧಾನ ರೂಪುಗೊಂಡದ್ದು ಆಕೆಯ ನೆಲಮಾಳಿಗೆಯಲ್ಲಿ. ಅಲ್ಲಿನ ರಸದಲ್ಲಿ ಕಪ್ಪು ದ್ರಾಕ್ಷಿ ಹೆಚ್ಚು, ಆದ್ದರಿಂದ ಮೈತುಂಬಿದ ರುಚಿ. 1829ರ ಬೊಲಿಂಜರ್ ಮನೆತನದ ರಸ ಇನ್ನೂ ಗಡುಸು, ಅಲ್ಲಿ ಮರದ ಪೀಪಾಯಿಗಳ ಬಳಕೆಯೂ ಉಂಟು. 1843ರಲ್ಲಿ ಆರಂಭವಾದ ಕ್ರೂಗ್, ಹತ್ತಕ್ಕೂ ಹೆಚ್ಚು ವರ್ಷಗಳ ನೂರಕ್ಕೂ ಮಿಕ್ಕಿದ ರಸಗಳನ್ನು ಕೂಡಿಸಿ ಒಂದು ರಸ ಮಾಡುವುದಕ್ಕೆ ಹೆಸರಾದದ್ದು. ಹುರಿದ ಬಾದಾಮಿಯಂತಹ ಗಾಢವಾದ ಸವಿ ಅದರ ಲಕ್ಷಣ. ಹಿಂದೆ ಎಲ್ಲರೂ ಷಾಂಪೇನನ್ನು ಬಹಳ ಸಿಹಿಯಾಗಿಯೇ ಮಾಡುತ್ತಿದ್ದರು. 1874ರಲ್ಲಿ ಪೊಮ್ಮೆರಿ ಮನೆತನ ಸಿಹಿ ಇಲ್ಲದ ರಸವನ್ನು ಹೊರತಂದ ಮೇಲೆ ಅಭಿರುಚಿ ಬದಲಾಯಿತು. ಇಂದು ಬ್ರೂಟ್ ಎಂದು ಬರೆದ ಸೀಸೆಯಲ್ಲಿ ಲೀಟರಿಗೆ 12 ಗ್ರಾಂಗಿಂತ ಕಡಮೆ ಸಕ್ಕರೆ ಇರಬೇಕು.

ಇನ್ನು ಡೋಂ ಪೆರಿನ್ಯೋನ್ ಹೆಸರಿನ ರಸ. ಓವಿಲೇರಿನ ಮಠದ ಆಸ್ತಿ ಕ್ರಾಂತಿಯ ನಂತರ ಮೊಯೆಟ್ ಮನೆತನದ ಕೈಸೇರಿತ್ತು. 1921ರ ಬೆಳೆಯಿಂದ ಮಾಡಿದ ರಸಕ್ಕೆ ಅವರು ಸನ್ಯಾಸಿಯ ಹೆಸರಿಟ್ಟು 1930ರ ದಶಕದಲ್ಲಿ ಮಾರುಕಟ್ಟೆಗೆ ತಂದರು. ಒಳ್ಳೆಯ ಬೆಳೆಯ ವರ್ಷಗಳಲ್ಲಿ ಮಾತ್ರ, ಆ ಒಂದೇ ವರ್ಷದ ಹಣ್ಣಿನಿಂದ, ಪೀನೋ ನುವಾರ್ ಮತ್ತು ಷಾರ್ದೊನೇ ಎರಡನ್ನೇ ಕೂಡಿಸಿ ಮಾಡಿ, ಸುಮಾರು ಎಂಟು ವರ್ಷ ನೆಲಮಾಳಿಗೆಯಲ್ಲಿ ಮಾಗಿಸಿ ಹೊರತರುತ್ತಾರೆ. ಕಾನೂನು ಸಾಮಾನ್ಯ ಷಾಂಪೇನಿಗೆ ವಿಧಿಸುವುದು 15 ತಿಂಗಳು, ಒಂದೇ ವರ್ಷದ ಬೆಳೆಯೆಂದು ಹೇಳಿಕೊಳ್ಳುವ ರಸಕ್ಕೆ ಮೂರು ವರ್ಷ.

ಈ ರಸಗಳ ತಾರತಮ್ಯವೆಲ್ಲ ಯಾವುದರಲ್ಲಿದೆ? ನೊರೆ ಎಲ್ಲದರಲ್ಲೂ ಉಂಟು, ಅದರ ಒತ್ತಡವೂ ಹೆಚ್ಚುಕಡಮೆ ಒಂದೇ. ಒಂದನ್ನು ಮತ್ತೊಂದರಿಂದ ಬೇರ್ಪಡಿಸುವುದು ಯಾವ ಹಣ್ಣನ್ನು ಆರಿಸಿದರು, ಹೇಗೆ ಕೂಡಿಸಿದರು, ಎಷ್ಟು ಕಾಲ ಕಾದರು ಎಂಬ ಮೂರು ಸಂಗತಿಗಳು. ಮೊದಲ ಎರಡನ್ನು ಓವಿಲೇರಿನ ಉಗ್ರಾಣಿ ಮೂರು ಶತಮಾನಗಳ ಹಿಂದೆಯೇ ತನ್ನ ಬಾಳಿನ ಕೆಲಸವಾಗಿ ಹಿಡಿದಿದ್ದರು. ಇಂದಿಗೂ ಷಾಂಪೇನ್ ಪ್ರಾಂತ್ಯದಲ್ಲಿ ದ್ರಾಕ್ಷಿಯನ್ನು ಕೈಯಿಂದಲೇ ಕೊಯ್ಯಬೇಕೆಂಬ ಕಟ್ಟಳೆ ಇದೆ. 4000 ಕಿಲೋ ಹಣ್ಣಿನಿಂದ 2550 ಲೀಟರಿಗಿಂತ ಹೆಚ್ಚು ರಸ ತೆಗೆಯುವಂತಿಲ್ಲ. ಅದರಲ್ಲಿ ಮೊದಲು ಹರಿದ 2050 ಲೀಟರನ್ನು ಬೇರೆಯಾಗಿ, ಉತ್ತಮವೆಂದು ಎಣಿಸುತ್ತಾರೆ. ಮೃದುವಾಗಿ ಹಿಂಡಬೇಕು, ಮೊದಲ ರಸವೇ ಮೇಲು ಎಂಬ ಹಳೆಯ ಮಠದ ನಿಯಮ ಇಂದು ದೇಶದ ಕಾನೂನಾಗಿ ನಿಂತಿದೆ.

ಉಗ್ರಾಣಿಯ ಲೆಕ್ಕ

ಪೆರಿನ್ಯೋನರು ಪವಾಡಪುರುಷರಲ್ಲ. ಧರ್ಮಸಭೆ ಅವರನ್ನು ಸಂತರ ಸಾಲಿಗೆ ಸೇರಿಸಿಲ್ಲ. ಅವರ ಹೆಸರಿನ ಸೀಸೆಗಳು ಇಂದು ಸಿರಿವಂತರ ಆಡಂಬರದ ಗುರುತಾಗಿವೆ. ಕುಡಿತದಿಂದ ಹಾಳಾದ ಸಂಸಾರಗಳನ್ನು ಬಲ್ಲ ನಾವು ಯಾವ ಮದ್ಯವನ್ನೂ ಹೊಗಳಬೇಕಾದ್ದಿಲ್ಲ. ಮಿತವನ್ನು ಮೀರುವುದಕ್ಕೆ ಸಂತ ಬೆನೆಡಿಕ್ಟರ ನಿಯಮದಲ್ಲಿಯೂ ಎಡೆಯಿರಲಿಲ್ಲ.

ಆದರೆ ತನಗೆ ವಹಿಸಿದ ಒಂದೇ ಕೆಲಸವನ್ನು 47 ವರ್ಷ ಬೇಸರಿಸದೆ ಮಾಡಿದ, ನಲುಗಿದ ಒಂದು ಹಣ್ಣನ್ನೂ ಬುಟ್ಟಿಯಲ್ಲಿ ಉಳಿಯಗೊಡದ, ಹಿಂಡುವ ಯಂತ್ರವನ್ನೂ ಪೀಠದ ಪಾತ್ರೆಯಷ್ಟೇ ಗೌರವದಿಂದ ಕಂಡ ಆ ಉಗ್ರಾಣಿಯಿಂದ ಕಲಿಯಬೇಕಾದದ್ದು ಇದೆ. ಮೇಲೆ ಒಳ್ಳೆಯ ಕೊಬ್ಬರಿ ಹರಡಿ ಕೆಳಗೆ ಕೌಟು ಹಿಡಿದದ್ದನ್ನು ಮುಚ್ಚಿ ಚೀಲ ಕಟ್ಟಲು ಯಾರಿಗೂ ಕೈ ಬರಬಹುದು. ಆ ಕೈಯನ್ನು ತಡೆಯುವ ಮನಸ್ಸಾಕ್ಷಿಯೇ ಗುಣಮಟ್ಟ ಎನಿಸಿಕೊಳ್ಳುವುದು. ಲೋಕ ಪೆರಿನ್ಯೋನರಿಗೆ ಅವರದಲ್ಲದ ಕೀರ್ತಿಯನ್ನು ಕೊಟ್ಟು, ಅವರದ್ದೇ ಆದ ಶ್ರಮವನ್ನು ಮರೆತಿತು. ಸಮಾಧಿಯ ಶಿಲೆ ಮಾತ್ರ ಮರೆಯಲಿಲ್ಲ. ಅದು ಅವರನ್ನು ನೊರೆಯ ಜನಕರೆಂದು ಕರೆಯದೆ, ಮಠದ ಉಗ್ರಾಣಿಯೆಂದೇ ಕರೆಯುತ್ತದೆ. ತನಗೆ ಒಪ್ಪಿಸಿದ್ದಕ್ಕೆ ಲೆಕ್ಕ ಒಪ್ಪಿಸಬೇಕಾದ ಪ್ರತಿಯೊಬ್ಬರಿಗೂ ಅದಕ್ಕಿಂತ ದೊಡ್ಡ ಬಿರುದು ಬೇಕಾಗಿಲ್ಲ.